ಬಿಸಿ ಕೊಟ್ಟವರು ಯಾರು, ತಗೊಂಡವರು ಯಾರು

ಫಸ್ಟ್ ಪಿಯುಸಿಗೆ ಕೆಮಿಸ್ಟ್ರಿಯಲ್ಲಿ ಥರ್ಮೋಡೈನಮಿಕ್ಸ್, ಅಂದರೆ ಶಾಖ-ಶಕ್ತಿಯ ಪಾಠ, ಶುರು ಮಾಡುವಾಗ ನಾನು ಬೋರ್ಡಿನ ಮೇಲೆ ಮೊದಲು ಬರೆಯುವುದು ಸೂತ್ರವಲ್ಲ, ಒಂದು ಲೆಕ್ಕ. 50 ಎಂಎಲ್ ಹೈಡ್ರೋಕ್ಲೋರಿಕ್ ಆಮ್ಲ, 50 ಎಂಎಲ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ. ಎರಡೂ 1 ಮೋಲಾರ್, ಅಂದರೆ ಒಂದೇ ಸಾಂದ್ರತೆಯವು, ಎರಡೂ 25 ಡಿಗ್ರಿಯಲ್ಲಿವೆ. ಥರ್ಮೋಕೋಲ್ ಲೋಟದಲ್ಲಿ ಬೆರೆಸಿದರೆ ತಾಪಮಾನ ಸುಮಾರು 6.8 ಡಿಗ್ರಿ ಏರುತ್ತದೆ. ಈಗ ಎರಡನ್ನೂ ದುಪ್ಪಟ್ಟು ಮಾಡೋಣ, 100 ಎಂಎಲ್‌ಗೆ 100 ಎಂಎಲ್. ಎಷ್ಟು ಏರುತ್ತದೆ?

"13.6 ಸರ್!"

ಪ್ರತಿ ವರ್ಷ ಇದೇ ಉತ್ತರ, ಪ್ರತಿ ವರ್ಷ ಇದೇ ಉತ್ಸಾಹ. ಹಿಂದಿನ ಬೆಂಚಿನಿಂದ ಯಾರಾದರೂ "ಅಷ್ಟೇ ಇರುತ್ತೆ" ಅಂತ ಗೊಣಗಿದರೆ ಪಕ್ಕದವರು ನಗುತ್ತಾರೆ. ಗೊಣಗಿದವರೇ ಸರಿ. ಆಮ್ಲ, ಪ್ರತ್ಯಾಮ್ಲ ದುಪ್ಪಟ್ಟಾದರೆ ಹೊರಬರುವ ಶಾಖವೇನೋ ದುಪ್ಪಟ್ಟಾಗುತ್ತದೆ, 2.855 ಕಿಲೋಜೂಲ್ ಇದ್ದದ್ದು 5.71 ಆಗುತ್ತದೆ. ಆದರೆ ಆ ಶಾಖವನ್ನು ಹಂಚಿಕೊಳ್ಳುವ ನೀರೂ 100 ಗ್ರಾಂನಿಂದ 200 ಗ್ರಾಂ ಆಯಿತಲ್ಲ. ಥರ್ಮಾಮೀಟರಿನ ಪಾಲಿಗೆ ಏನೂ ಬದಲಾಗಿಲ್ಲ, ಅದು ಮತ್ತೆ 6.8 ಅನ್ನುತ್ತದೆ.

ಈ ಒಂದು ಲೆಕ್ಕದ ಮೇಲೆ ಪೂರ್ತಿ ಪೀರಿಯಡ್ ಕಳೆದರೂ ನನಗೆ ಬೇಸರವಿಲ್ಲ. ಶಾಖ ಬೇರೆ, ತಾಪಮಾನ ಬೇರೆ ಅಂತ ಹೈಸ್ಕೂಲಿನಲ್ಲೇ ಬಾಯಿಪಾಠ ಮಾಡಿ ಬಂದಿರುತ್ತಾರೆ. ವ್ಯಾಖ್ಯೆ ಕೇಳಿದರೆ ತಪ್ಪಿಲ್ಲದೆ ಒಪ್ಪಿಸುತ್ತಾರೆ. ಲೆಕ್ಕದೊಳಗೆ ಕಾಲಿಟ್ಟ ಕೂಡಲೇ ಎರಡೂ ಒಂದೇ ಆಗಿಬಿಡುತ್ತವೆ. ಅವರನ್ನು ಬೈದು ಪ್ರಯೋಜನವಿಲ್ಲ. 18ನೇ ಶತಮಾನದ ನಡುವಿನವರೆಗೆ ದೊಡ್ಡ ದೊಡ್ಡವರಿಗೂ ಇದು ಸ್ಪಷ್ಟವಿರಲಿಲ್ಲ. ಮಂಜುಗಡ್ಡೆ ಕರಗುವಾಗ ಶಾಖವನ್ನು ಹೀರುತ್ತಲೇ ಇರುತ್ತದೆ, ಆದರೂ ಥರ್ಮಾಮೀಟರ್ ಅಲ್ಲಾಡುವುದಿಲ್ಲ ಎಂಬುದನ್ನು ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ ಗಟ್ಟಿಯಾಗಿ ಹೇಳಿದ್ದು 1760ರ ಆಸುಪಾಸಿನಲ್ಲಿ. ಅವನ ವಾದ ನನಗೆ ಬಹಳ ಇಷ್ಟ. ಸೊನ್ನೆ ಡಿಗ್ರಿ ಮುಟ್ಟಿದ ಹಿಮಕ್ಕೆ ಕರಗಲು ಇನ್ನೊಂದಿಷ್ಟೇ ಶಾಖ ಸಾಕಾಗಿದ್ದರೆ, ಚಳಿಗಾಲ ಮುಗಿದು ಬಿಸಿಲು ಬಂದ ಕೂಡಲೇ ಬೆಟ್ಟದ ಹಿಮವೆಲ್ಲ ಒಂದೇ ಏಟಿಗೆ ನೀರಾಗಿ ಊರುಗಳನ್ನು ಕೊಚ್ಚಿಕೊಂಡು ಹೋಗಬೇಕಿತ್ತು. ಹಾಗಾಗುವುದಿಲ್ಲ, ವಾರಗಟ್ಟಲೆ ನಿಧಾನಕ್ಕೆ ಕರಗುತ್ತದೆ. ಒಂದು ಗ್ರಾಂ ಮಂಜುಗಡ್ಡೆ ಕರಗಲು 334 ಜೂಲ್ ಬೇಕು, ಅದೇ ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.18 ಸಾಕು.

ಹಿಮ ನೋಡದ ನಮ್ಮ ಹುಡುಗರಿಗೆ ಇದನ್ನು ಗ್ಯಾಸ್ ಒಲೆಯ ಮೇಲೆ ತೋರಿಸುವುದು ಸುಲಭ. ಒಂದು ಲೀಟರ್ ನೀರನ್ನು 25ರಿಂದ 100 ಡಿಗ್ರಿಗೆ ಒಯ್ಯಲು ಸುಮಾರು 313 ಕಿಲೋಜೂಲ್. ಎಲ್‌ಪಿಜಿ ಒಂದು ಗ್ರಾಂ ಉರಿದರೆ ಹತ್ತಿರಹತ್ತಿರ 50 ಕಿಲೋಜೂಲ್ ಕೊಡುತ್ತದೆ. ಅಂದರೆ ಆರೂಕಾಲು ಗ್ರಾಂ ಗ್ಯಾಸ್. ಪಾತ್ರೆಯ ಪಕ್ಕದಿಂದ ಸೋರಿಹೋಗುವ ಬಿಸಿ ಸೇರಿಸಿಕೊಂಡು ಒಂಬತ್ತೋ ಹತ್ತೋ ಅನ್ನಿ. 14.2 ಕೆಜಿಯ ಸಿಲಿಂಡರಿನ ಮುಂದೆ ಅದು ಯಾವ ಲೆಕ್ಕ! ಆದರೆ ನೀರು ಕುದಿಯಲು ಹತ್ತಿದ ಮೇಲೆ ಅದನ್ನು ಪೂರ್ತಿ ಇಂಗಿಸಲು ಹೋದರೆ 2,257 ಕಿಲೋಜೂಲ್ ಬೇಕು, ಕುದಿ ಬರಿಸಲು ಬೇಕಾದದ್ದರ ಏಳು ಪಟ್ಟಿಗೂ ಹೆಚ್ಚು. ಕುದಿ ಬಂದ ಮೇಲೂ ಉರಿ ಜೋರಾಗಿಟ್ಟರೆ ಬೇಳೆ ಬೇಗ ಬೇಯುವುದಿಲ್ಲ, ಅಡುಗೆಮನೆಯ ಕಿಟಕಿಯ ಗಾಜು ಮಸುಕಾಗುತ್ತದೆ ಅಷ್ಟೆ. ಕುದಿ ಬಂದ ತಕ್ಷಣ ಉರಿ ಸಣ್ಣ ಮಾಡುವ ಅಮ್ಮಂದಿರಿಗೆ ಗುಪ್ತೋಷ್ಣದ (ತಾಪಮಾನ ಏರಿಸದೆ ಕರಗಿಸಲು, ಆವಿಯಾಗಿಸಲು ಹಿಡಿಯುವ ಶಾಖದ) ಸೂತ್ರ ಗೊತ್ತಿಲ್ಲದಿರಬಹುದು, ಸಿಲಿಂಡರಿನ ಬೆಲೆ ಗೊತ್ತು.

ಇನ್ನು ಪ್ಲಸ್ಸು ಮೈನಸ್ಸಿನ ಗೋಳು. ಈ ಅಧ್ಯಾಯದಲ್ಲಿ ಅಂಕ ಹೋಗುವುದು ಗುಣಾಕಾರದಲ್ಲಿ ಕಡಿಮೆ, ಚಿಹ್ನೆಯಲ್ಲೇ ಜಾಸ್ತಿ.

ನಾನು ಪಾಠ ಮಾಡುವುದು ಹಾಸನದ ಕಡೆಯ ಒಂದು ತಾಲ್ಲೂಕು ಕೇಂದ್ರದಲ್ಲಿ. ಕ್ಲಾಸಿನ ಅರ್ಧಕ್ಕರ್ಧ ರೈತರ ಮಕ್ಕಳು, ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವರು. ಅಂತರುಷ್ಣಕ ಕ್ರಿಯೆಗೆ ಉದಾಹರಣೆ ಕೊಡಿ ಅಂದಾಗ ಒಬ್ಬ ಹುಡುಗ ಎದ್ದು, "ಸರ್, ಡ್ರಿಪ್‌ಗೆ ಬಿಡೋಕೆ ಯೂರಿಯಾ ಕರಗಿಸ್ತೀವಲ್ಲ, ಬಕೆಟ್ ಒಳಗೆ ಕೈ ಇಟ್ರೆ ಐಸ್ ಇಟ್ಟಂಗಿರುತ್ತೆ" ಅಂದ. ಪುಸ್ತಕದಲ್ಲಿರುವ ಯಾವ ಉದಾಹರಣೆಗಿಂತಲೂ ಇದು ಚೆನ್ನಾಗಿತ್ತು. ಚೆನ್ನಾಗಿದ್ದದ್ದಕ್ಕೇ ಜಗಳವೂ ಎದ್ದಿತು. ಮುಂದಿನ ಬೆಂಚಿನ ಹುಡುಗಿ ಕೇಳಿದಳು: "ಅಂತರುಷ್ಣಕ ಅಂದ್ರೆ ಶಾಖ ಒಳಗೆ ತಗೊಳ್ಳೋದು ಅಲ್ವಾ ಸರ್? ಶಾಖ ತಗೊಂಡಿದ್ದು ಬಿಸಿ ಆಗ್ಬೇಕು. ತಣ್ಣಗೆ ಹೆಂಗಾಗುತ್ತೆ?"

ಇದಕ್ಕಿಂತ ಒಳ್ಳೆಯ ಪ್ರಶ್ನೆ ಈ ಪಾಠದಲ್ಲಿ ಬೇರೆ ಇಲ್ಲ. ತಗೊಂಡದ್ದು ಯಾರು? ಯೂರಿಯಾದ ಹರಳು. ಹರಳಿನೊಳಗೆ ಒಂದಕ್ಕೊಂದು ಅಂಟಿಕೊಂಡ ಅಣುಗಳನ್ನು ಬಿಡಿಸಲು ಶಕ್ತಿ ಬೇಕು. ನೀರಿನ ಅಣುಗಳು ಅವನ್ನು ಸುತ್ತುವರಿದಾಗ ಸ್ವಲ್ಪ ಶಕ್ತಿ ವಾಪಸ್ ಸಿಗುತ್ತದೆ, ಆದರೆ ಖರ್ಚಾದಷ್ಟು ಸಿಗುವುದಿಲ್ಲ. ಮೋಲ್ ಒಂದಕ್ಕೆ (ಯೂರಿಯಾ ಆದರೆ 60 ಗ್ರಾಂಗೆ) ಸುಮಾರು 15 ಕಿಲೋಜೂಲ್ ಕೊರತೆ ಬೀಳುತ್ತದೆ. ಆ ಕೊರತೆಯನ್ನು ತುಂಬಿದ್ದು ಯಾರು? ಪಕ್ಕದಲ್ಲಿದ್ದ ನೀರು. ಕೈಗೆ ತಗಲಿದ್ದೂ ಆ ನೀರೇ. 60 ಗ್ರಾಂ ಯೂರಿಯಾವನ್ನು ಅರ್ಧ ಲೀಟರ್ ನೀರಲ್ಲಿ ಕದಡಿದರೆ 15,000 ಜೂಲನ್ನು 560 ಗ್ರಾಂ ದ್ರಾವಣ ತನ್ನ ಮೈಯಿಂದಲೇ ಕೊಡಬೇಕು. ದ್ರಾವಣಕ್ಕೂ ನೀರಿನ ವಿಶಿಷ್ಟೋಷ್ಣವನ್ನೇ (ಒಂದು ಗ್ರಾಂಗೆ ಒಂದು ಡಿಗ್ರಿ ಏರಿಸುವ ಆ 4.18 ಜೂಲ್) ಇಟ್ಟುಕೊಂಡು ಭಾಗಿಸಿದರೆ ತಾಪಮಾನ ಆರು ಡಿಗ್ರಿಗೂ ಮಿಕ್ಕಿ ಇಳಿಯುತ್ತದೆ.

ಅಂದರೆ ಎಂಥಾಲ್ಪಿಯ (ಕ್ರಿಯೆ ತಗೊಂಡ ಅಥವಾ ಕೊಟ್ಟ ಶಾಖದ ಲೆಕ್ಕ) ಚಿಹ್ನೆ ಬರೆಯುವುದು ಕ್ರಿಯೆಯ ಕಡೆ ನಿಂತು, ಥರ್ಮಾಮೀಟರ್ ಇರುವುದು ಆಚೆ ಕಡೆ, ನೀರಿನಲ್ಲಿ. ಅಂಗಡಿಯವನ ಪುಸ್ತಕದಲ್ಲಿ ಜಮಾ ಆದದ್ದು ನಿಮ್ಮ ಪುಸ್ತಕದಲ್ಲಿ ಖರ್ಚು. ಯೂರಿಯಾದ ಪುಸ್ತಕದಲ್ಲಿ ಪ್ಲಸ್ 15, ನೀರಿನ ಪುಸ್ತಕದಲ್ಲಿ ಮೈನಸ್ 15. ಆಮ್ಲ-ಪ್ರತ್ಯಾಮ್ಲದಲ್ಲಿ ಇದು ತಿರುವುಮುರುವು: ಕ್ರಿಯೆಗೆ ಮೋಲ್‌ಗೆ ಮೈನಸ್ 57.1 ಕಿಲೋಜೂಲ್, ನೀರು ಬಿಸಿ. "ಮೈನಸ್ ಅಂದ್ರೆ ತಣ್ಣಗಾಗ್ಬೇಕಲ್ವಾ" ಎಂದು ಕೇಳುವವರಿಗೂ ಉತ್ತರ ಇಷ್ಟೇ. ಯಾರ ಪುಸ್ತಕ ಓದುತ್ತಿದ್ದೀಯಾ, ಮೊದಲು ಹೇಳು.

ಆಮೇಲಿಂದ ನಾನೊಂದು ನಿಯಮ ಮಾಡಿದ್ದೇನೆ. ಲೆಕ್ಕದ ಇಂಗ್ಲಿಷ್ ವಾಕ್ಯಗಳನ್ನು ಓದಿದ ಮೇಲೆ ಪೆನ್ನು ಕೆಳಗಿಟ್ಟು, ನಡೆದದ್ದೇನು ಅಂತ ಕನ್ನಡದಲ್ಲಿ ಕತೆಯ ಹಾಗೆ ಹೇಳಬೇಕು. ಯಾವುದರೊಳಗೆ ಏನು ಹಾಕಿದರು, ಯಾರು ಬಿಸಿ ಕೊಟ್ಟರು, ಯಾರು ತಗೊಂಡರು, ಕೊನೆಗೆ ಥರ್ಮಾಮೀಟರ್ ಮೇಲೆ ಹೋಯಿತೋ ಕೆಳಗೋ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಕಂಡರೆ ಸಂಖ್ಯೆಗಳನ್ನು ಮಾತ್ರ ಹೆಕ್ಕಿಕೊಂಡು ಸೂತ್ರಕ್ಕೆ ತುರುಕುವ ಅಭ್ಯಾಸ ಇದರಿಂದ ಸ್ವಲ್ಪ ಕಡಿಮೆಯಾಗುತ್ತದೆ. ಪೂರ್ತಿ ಹೋಗುತ್ತದೆ ಅನ್ನುವ ಭ್ರಮೆ ನನಗಿಲ್ಲ.

ಚಿಹ್ನೆಯ ವಿಷಯದಲ್ಲಿ ನಮ್ಮ ಪಠ್ಯಪುಸ್ತಕಗಳ ಮೇಲೂ ಒಂದು ತಕರಾರಿದೆ. ಬೆಳಿಗ್ಗೆ ಫಿಸಿಕ್ಸ್ ಪೀರಿಯಡ್ಡಿನಲ್ಲಿ ಮೊದಲನೇ ನಿಯಮವನ್ನು ಡೆಲ್ಟಾ ಕ್ಯೂ ಸಮ ಡೆಲ್ಟಾ ಯು ಪ್ಲಸ್ ಡೆಲ್ಟಾ ಡಬ್ಲ್ಯೂ ಅಂತ ಬರೆಸುತ್ತಾರೆ. ಗಂಟೆ ಹೊಡೆದು ನಾನು ಒಳಗೆ ಬಂದರೆ ಡೆಲ್ಟಾ ಯು ಸಮ ಕ್ಯೂ ಪ್ಲಸ್ ಡಬ್ಲ್ಯೂ. (ಕ್ಯೂ ಅಂದರೆ ಶಾಖ, ಯು ಒಳಶಕ್ತಿ, ಡಬ್ಲ್ಯೂ ಕೆಲಸ.) ಪದಗಳನ್ನು ಅತ್ತಿತ್ತ ಸರಿಸಿ ನೋಡಿದ ಹುಡುಗರಿಗೆ ಒಂದು ಕಡೆ ಡಬ್ಲ್ಯೂ ಕಳೆಯಬೇಕು, ಇನ್ನೊಂದು ಕಡೆ ಕೂಡಬೇಕು ಅನ್ನಿಸುತ್ತದೆ. ಇಬ್ಬರಲ್ಲಿ ಒಬ್ಬರು ಮೇಷ್ಟ್ರು ತಪ್ಪು ಎಂಬ ತೀರ್ಮಾನಕ್ಕೆ ಬರುವುದು ಸಹಜ. ಇಬ್ಬರೂ ಸರಿ. ಫಿಸಿಕ್ಸಿನವರು ಅನಿಲ ಮಾಡಿದ ಕೆಲಸವನ್ನು ಎಣಿಸುತ್ತಾರೆ, ನಾವು ಅನಿಲದ ಮೇಲೆ ಮಾಡಿದ ಕೆಲಸವನ್ನು. ಉಗಿಯಂತ್ರದಿಂದ ಎಷ್ಟು ಕೆಲಸ ಹೊರಡಿಸಬಹುದು ಎಂಬ ಚಿಂತೆಯಲ್ಲಿ ಬೆಳೆದ ವಿಷಯಕ್ಕೆ ಮೊದಲನೆಯದು ಒಗ್ಗುತ್ತದೆ, ಫ್ಲಾಸ್ಕಿನೊಳಗೆ ಏನಾಯಿತು ಎಂದು ನೋಡುವವರಿಗೆ ಎರಡನೆಯದು. ಸೈಕಲ್ ಪಂಪ್ ಒತ್ತಿದಾಗ ಅದರ ತುದಿ ಬಿಸಿಯಾಗುತ್ತದಲ್ಲ, ಅಲ್ಲಿ ಒತ್ತಿದ್ದು ನಾವು, ಕೆಲಸ ಗಾಳಿಯ ಮೇಲೆ ಆಯಿತು, ಗಾಳಿಯ ಒಳಶಕ್ತಿ ಏರಿತು. ಯಾವ ಪುಸ್ತಕದ ಪ್ರಕಾರ ಮಾಡಿದರೂ ಯು ಏರಿಯೇ ಏರುತ್ತದೆ. ಎರಡೂ ಪುಸ್ತಕಗಳು ಒಂದೊಂದು ಸಾಲು ಹೆಚ್ಚು ಬರೆದು ಪಕ್ಕದ ವಿಷಯದವರು ಹೀಗೆ ಬರೆಯುತ್ತಾರೆ ಅಂತ ಒತ್ತಿ ಹೇಳಿದರೆ ಎಷ್ಟೋ ತಲೆನೋವು ತಪ್ಪುತ್ತಿತ್ತು.

ಉತ್ತರಪತ್ರಿಕೆ ತಿದ್ದುವಾಗ ಕೆಲವೊಮ್ಮೆ ನಗು ತಡೆಯಲಾಗುವುದಿಲ್ಲ. ಅದೇ 100 ಎಂಎಲ್‌ಗೆ 100 ಎಂಎಲ್ ಲೆಕ್ಕದಲ್ಲಿ ಶಾಖವನ್ನು ಜೂಲ್‌ಗೆ ತಂದು 5,710 ಅಂತ ಬರೆದು, 200 ಗ್ರಾಂ ದ್ರಾವಣವನ್ನು 0.2 ಕೆಜಿ ಮಾಡಿ, 4.18 ಮಾತ್ರ ಗ್ರಾಂ ಲೆಕ್ಕದಲ್ಲೇ ಉಳಿಸಿಕೊಂಡು ಭಾಗಿಸಿದರೆ ಬರುವುದು 6,830 ಡಿಗ್ರಿ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ. ಥರ್ಮೋಕೋಲ್ ಲೋಟದೊಳಗೆ ಸೂರ್ಯನನ್ನೂ ಮೀರಿಸುವ ಬಿಸಿ! ಅದಕ್ಕೆ ಕೆಳಗೆ ಸ್ಕೇಲ್ ಇಟ್ಟು ಎರಡು ಗೆರೆ ಬೇರೆ ಎಳೆದಿರುತ್ತಾರೆ. ಗುಣಾಕಾರ, ಭಾಗಾಕಾರದಲ್ಲಿ ಒಂದು ತಪ್ಪೂ ಇರುವುದಿಲ್ಲ. ಆ ಸಂಖ್ಯೆಗೂ ಕೈಯಲ್ಲಿ ಹಿಡಿಯಬಹುದಾದ ಲೋಟಕ್ಕೂ ಸಂಬಂಧವಿದೆ ಎಂಬುದು ಮಾತ್ರ ಹೊಳೆದಿರುವುದಿಲ್ಲ. ನನ್ನ ಮಟ್ಟಿಗೆ ಲೆಕ್ಕ ಬರುತ್ತದೆ ಅಂದರೆ ಉತ್ತರ ಸರಿ ಬರುವುದು ಅಂತಲ್ಲ. ಪೆನ್ನು ಹಿಡಿಯುವ ಮುಂಚೆ ಉತ್ತರ ಎಷ್ಟರ ಆಸುಪಾಸಿನಲ್ಲಿ ಇರಬೇಕು ಎಂಬ ಅಂದಾಜು ಇರಬೇಕು. ಬಿಸಿಯೋ ತಣ್ಣಗೋ, ಒಂದಂಕಿಯೋ ನೂರೋ ಸಾವಿರವೋ, ಅಷ್ಟಾದರೂ. ಆ ಅಂದಾಜು ಸೂತ್ರದಿಂದ ಬರುವುದಿಲ್ಲ.

ಹೀಗಂತ ಸೂತ್ರಗಳನ್ನು ನಾನು ಹಗುರ ಮಾಡುತ್ತಿಲ್ಲ. ಹೆಸ್ ನಿಯಮ ಬೋರ್ಡಿನ ಮೇಲೆ ಬರೆಯುವಾಗ ಇಂದಿಗೂ ಖುಷಿಯಾಗುತ್ತದೆ. ಜಿನೀವಾದಲ್ಲಿ ಹುಟ್ಟಿ ರಷ್ಯಾದಲ್ಲಿ ಬೆಳೆದ ಜರ್ಮೈನ್ ಹೆಸ್ 1840ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೂತು ಮಾಡಿದ್ದು ಸರಳ ಕೆಲಸ. ಗಂಧಕಾಮ್ಲಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ನೀರು ಬೆರೆಸಿ ಬರುವ ಶಾಖವನ್ನು ಅಳೆದ. ಆ ದ್ರಾವಣಗಳನ್ನು ಅಮೋನಿಯದಿಂದ ತಟಸ್ಥಗೊಳಿಸಿ ಆಗ ಬರುವ ಶಾಖವನ್ನೂ ಅಳೆದ. ಮೊದಲ ಹಂತದಲ್ಲಿ ಹೆಚ್ಚು ಬಂದ ಕಡೆ ಎರಡನೆಯದರಲ್ಲಿ ಕಡಿಮೆ, ಕಡಿಮೆ ಬಂದ ಕಡೆ ಹೆಚ್ಚು. ಒಟ್ಟು ಮಾತ್ರ ಒಂದೇ. ಶಕ್ತಿಸಂರಕ್ಷಣೆಯ ನಿಯಮವನ್ನು ಮೇಯರ್, ಜೂಲ್ ಮೊದಲಾದವರು ಮುಂದಿಟ್ಟದ್ದು ಇದಾದ ಮೇಲೆ. ದಾರಿ ಯಾವುದಾದರೂ ಒಟ್ಟು ಶಾಖ ಬದಲಾಗದು ಅಂತ ಹೇಳಲು ಹೆಸ್‌ಗೆ ಆಸರೆಯಾಗಿದ್ದದ್ದು ಅವನ ಅಳತೆಗಳೇ.

ಈ ನಿಯಮದ ಚಮತ್ಕಾರ ತಿಳಿಯಬೇಕಾದರೆ ಇದ್ದಿಲಿನ ಲೆಕ್ಕ ಮಾಡಬೇಕು. ಇಂಗಾಲ ಅರ್ಧಂಬರ್ಧ ಉರಿದು ಕಾರ್ಬನ್ ಮಾನಾಕ್ಸೈಡ್ ಆದರೆ ಎಷ್ಟು ಶಾಖ? ನೇರವಾಗಿ ಅಳೆಯುವುದು ಕಷ್ಟ. ಉರಿಸಲು ಹೊರಟರೆ ಸ್ವಲ್ಪ ಡೈಆಕ್ಸೈಡೂ ಆಗಿಯೇ ತೀರುತ್ತದೆ. ಆದರೆ ಇಂಗಾಲ ಪೂರ್ತಿ ಉರಿದರೆ ಮೋಲ್‌ಗೆ 393.5 ಕಿಲೋಜೂಲ್ ಎಂದು ಅಳೆಯಬಹುದು. ಮಾನಾಕ್ಸೈಡನ್ನು ಉರಿಸಿದರೆ 283.0 ಎಂದೂ ಅಳೆಯಬಹುದು. ಕಳೆದರೆ 110.5. ಯಾರೂ ನೇರ ಅಳೆಯದ ಸಂಖ್ಯೆ, ಆದರೂ ನಂಬಬಹುದಾದ ಸಂಖ್ಯೆ. (ಚಳಿಗಾಲದಲ್ಲಿ ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಬಾರದು ಅನ್ನುವುದು ಈ ಅರ್ಧಂಬರ್ಧ ಉರಿಗೇ. ಲೆಕ್ಕದ ನಡುವೆ ಇದನ್ನು ಹೇಳದೆ ನಾನು ಮುಂದಕ್ಕೆ ಹೋಗುವುದಿಲ್ಲ.)

ಪ್ರಾಕ್ಟಿಕಲ್ ಕ್ಲಾಸಿನ ಕತೆ ಇನ್ನೊಂದು ಬಗೆಯದು. ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದು 97 ಡಿಗ್ರಿ ಆಸುಪಾಸಿನಲ್ಲಿ, ನಮ್ಮ ಹಾಸನದ ಕಡೆಯೂ ಹೆಚ್ಚೂಕಡಿಮೆ ಅಷ್ಟೇ. ಮಂಗಳೂರಿನ ಹುಡುಗರಿಗೆ 100 ಸಿಗುತ್ತದೆ, ನಮ್ಮವರಿಗೆ ಸಿಗಬಾರದು. ಆದರೆ ರೆಕಾರ್ಡ್ ಪುಸ್ತಕ ತೆರೆದರೆ ಎಲ್ಲರದ್ದೂ 100. ಥರ್ಮಾಮೀಟರ್ 97 ತೋರಿಸಿದ್ದನ್ನು ಕಣ್ಣಾರೆ ಕಂಡೂ, ಅದು ಹಾಳಾಗಿದೆ ಎಂದು ತೀರ್ಮಾನಿಸಿ ಪುಸ್ತಕದ ಸಂಖ್ಯೆ ಬರೆದಿರುತ್ತಾರೆ. ಆಮ್ಲ-ಪ್ರತ್ಯಾಮ್ಲ ಬೆರೆಸುವ ತಟಸ್ಥೀಕರಣದ ಪ್ರಯೋಗದಲ್ಲೂ ಹಾಗೇ. ಲೋಟ ಒಂದಿಷ್ಟು ಬಿಸಿ ತಗೊಳ್ಳುತ್ತದೆ, ಥರ್ಮಾಮೀಟರ್ ಒಂದಿಷ್ಟು, ಗಾಳಿ ಒಂದಿಷ್ಟು. ಪ್ರಾಮಾಣಿಕವಾಗಿ ಅಳೆದರೆ 57ಕ್ಕಿಂತ ಕಡಿಮೆ ಬರುವುದೇ ಸಹಜ. ಕರಾರುವಾಕ್ಕಾಗಿ 57.1 ಬಂದ ರೆಕಾರ್ಡನ್ನು ನಾನು ಅನುಮಾನದಿಂದಲೇ ನೋಡುತ್ತೇನೆ, ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಹೊಂದಿಸಿದ್ದಾರೆ ಎಂದೇ ಅರ್ಥ. ಅಷ್ಟು ಸೊಗಸಾಗಿ ಹಿಂದಕ್ಕೆ ಲೆಕ್ಕ ಹಾಕಬಲ್ಲವರು ಮುಂದಕ್ಕೆ ಹಾಕುವಾಗ ಯಾಕೆ ತಡವರಿಸುತ್ತಾರೋ! ಕಡಿಮೆ ಬಂದದ್ದನ್ನು ಹಾಗೇ ಬರೆದು, ಯಾಕೆ ಕಡಿಮೆ ಬಂತು ಅಂತ ಎರಡು ಸಾಲು ಸೇರಿಸಿದವರಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಎಲ್ಲ ಕಡೆ ಹಾಗಿಲ್ಲ ಅನ್ನುವುದು ಹುಡುಗರಿಗೆ ಗೊತ್ತು, ಅದಕ್ಕೇ ಹೊಂದಿಸುತ್ತಾರೆ.

ಸಿಇಟಿಯ ಮಾತು ಬಾರದೆ ಪಿಯುಸಿಯ ಮಾತು ಮುಗಿಯುವುದಿಲ್ಲ. ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ಕ್ಯಾಲ್ಕುಲೇಟರ್ ಇಲ್ಲ. ಪ್ರಶ್ನೆಗೆ 80 ಸೆಕೆಂಡ್. ಕೋಚಿಂಗಿನವರು ಶಾರ್ಟ್‌ಕಟ್ ಹೇಳಿಕೊಡುತ್ತಾರೆ, ಹೇಳಿಕೊಡಲಿ, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ನಾಲ್ಕು ಆಯ್ಕೆಗಳನ್ನು ಸ್ವಲ್ಪ ಹೊತ್ತು ನೋಡಿ. ಮೊದಲ ಲೆಕ್ಕಕ್ಕೆ ನಾನು ಆಯ್ಕೆ ಕೊಡಬೇಕಾಗಿ ಬಂದರೆ 3.4, 6.8, 13.6, ಮೈನಸ್ 6.8 ಅಂತ ಕೊಡುತ್ತೇನೆ. ನೀರನ್ನು ದುಪ್ಪಟ್ಟು ಮಾಡಿ ಶಾಖವನ್ನು ಮರೆತವನಿಗೆ ಒಂದು ಗುಂಡಿ, ಶಾಖವನ್ನು ದುಪ್ಪಟ್ಟು ಮಾಡಿ ನೀರನ್ನು ಮರೆತವನಿಗೆ ಒಂದು, ಕ್ರಿಯೆಯ ಚಿಹ್ನೆಯನ್ನು ಥರ್ಮಾಮೀಟರಿಗೆ ಅಂಟಿಸಿದವನಿಗೆ ಇನ್ನೊಂದು. ಸೂತ್ರ ನೆನಪಿದ್ದವರೂ ಬೀಳುತ್ತಾರೆ. ಯಾರು ಕೊಟ್ಟರು, ಯಾರು ತಗೊಂಡರು ಅಂತ ಹತ್ತು ಸೆಕೆಂಡ್ ಯೋಚಿಸಿದವರು ಭಾಗಾಕಾರವನ್ನೇ ಮಾಡದೆ ದಾಟಿಕೊಳ್ಳುತ್ತಾರೆ. ನಿಧಾನವೇ ಇಲ್ಲಿ ಬೇಗ.

ಅಧ್ಯಾಯದ ಕೊನೆಗೆ ನಾನು ಇಟ್ಟುಕೊಂಡಿರುವುದು ಸುಣ್ಣದ ಲೆಕ್ಕ. ಗೋಡೆಗೆ ಬಳಿಯಲು ಸುಟ್ಟ ಸುಣ್ಣವನ್ನು ನೀರಿಗೆ ಹಾಕಿದರೆ ಕೊತಕೊತ ಕುದಿಯುವುದನ್ನು ನಮ್ಮ ತಲೆಮಾರಿನವರೆಲ್ಲ ನೋಡಿದ್ದೇವೆ. ಈಗಿನ ಮಕ್ಕಳಿಗೆ ಡಿಸ್ಟೆಂಪರ್ ಡಬ್ಬ ಗೊತ್ತು, ಸುಣ್ಣ ಹತ್ತನೇ ತರಗತಿಯ ಪಾಠದಲ್ಲಿ ಬರುತ್ತದೆ ಅಂತ ಗೊತ್ತು. ಕ್ಯಾಲ್ಸಿಯಂ ಆಕ್ಸೈಡ್ ಒಂದು ಮೋಲ್, ಅಂದರೆ 56 ಗ್ರಾಂ, ನೀರಿನ ಜೊತೆ ಸೇರಿದರೆ ಸುಮಾರು 65 ಕಿಲೋಜೂಲ್ ಹೊರಬರುತ್ತದೆ. ಪ್ರಶ್ನೆ ಹೀಗೆ ಬರೆಯುತ್ತೇನೆ: ಒಂದು ಕೆಜಿ ಸುಟ್ಟ ಸುಣ್ಣವನ್ನು 25 ಡಿಗ್ರಿಯ ನೀರಿಗೆ ಹಾಕಿದರೆ ನೀರು ಕುದಿಯುತ್ತದೆಯೇ?

ಹೆಚ್ಚಿನವರು ಥಟ್ಟನೆ ಮೋಲ್ ಲೆಕ್ಕ ಮಾಡಿ, 65ರಿಂದ ಗುಣಿಸಿ, 1,160 ಕಿಲೋಜೂಲ್ ಅಂತ ತೋರಿಸುತ್ತಾರೆ. ಆಮೇಲೆ ಪೆನ್ನು ನಿಲ್ಲುತ್ತದೆ. ಹೋದ ಬ್ಯಾಚಿನಲ್ಲಿ ಒಬ್ಬಳು ಮಾತ್ರ ಏನೂ ಬರೆಯದೆ ಕೂತಿದ್ದಳು. ಯಾಕಮ್ಮ ಅಂತ ಕೇಳಿದೆ.

"ನೀರು ಎಷ್ಟು ಅಂತ ನೀವು ಕೊಟ್ಟೇ ಇಲ್ವಲ್ಲ ಸರ್."

ಕೊಟ್ಟಿರಲಿಲ್ಲ, ಬೇಕಂತಲೇ. ನೀನೇ ಹೇಳು, ಎಷ್ಟು ಇಟ್ಟುಕೊಳ್ಳೋಣ ಅಂದೆ. ಹತ್ತು ಲೀಟರ್ ಅಂದಳು. ಸುಣ್ಣಕ್ಕೆ ಸೇರಿಹೋಗುವ ನೀರು ಸುಮಾರು 320 ಗ್ರಾಂ, ಅದನ್ನು ಕಳೆದು, ಅರಳಿದ ಸುಣ್ಣದ 1.32 ಕೆಜಿಯ ಪಾಲನ್ನೂ ಸೇರಿಸಿ ಮಾಡಿದರೆ ಏರುವುದು 28 ಡಿಗ್ರಿ ಮಾತ್ರ. ಸ್ನಾನದ ನೀರಿಗಿಂತ ಒಂದಿಷ್ಟು ಜಾಸ್ತಿ ಬಿಸಿ, ಕುದಿಯುವುದಿಲ್ಲ. ಮೂರು ಲೀಟರ್ ಮಾಡಿದರೆ ಏರಿಕೆ 91 ಬರುತ್ತದೆ, 25ಕ್ಕೆ ಸೇರಿಸಿದರೆ 116, ಅಂದರೆ ಅಷ್ಟರೊಳಗೆ ಕುದಿ ಹತ್ತಿರುತ್ತದೆ. "ಹಂಗಾದ್ರೆ ಎರಡು ಲೀಟರ್?" ಅಂದಳು. ಎರಡು ಲೀಟರಿಗೆ ನೂರು ಡಿಗ್ರಿ ಮುಟ್ಟಲು ಖರ್ಚಾಗುವುದು 640 ಚಿಲ್ಲರೆ ಕಿಲೋಜೂಲ್. ಮಿಕ್ಕ 500ರಷ್ಟನ್ನು ನೀರು ಆವಿಯಾಗಲು ಬಳಸಿಕೊಳ್ಳುತ್ತದೆ, 2,257ರಿಂದ ಭಾಗಿಸಿದರೆ ಸುಮಾರು 230 ಗ್ರಾಂ ಆವಿ. ಮುಂದಿನ ಬೆಂಚಿನವರು ನಮ್ಮೂರಲ್ಲಿ ಕುದಿಯೋದು 97ಕ್ಕೆ ಅಂತ ನೆನಪಿಸಿದರು, ಸರಿ, ಅದನ್ನೂ ತಿದ್ದಿ ಬರೆದೆವು. ಅಷ್ಟರಲ್ಲಿ ಯೂರಿಯಾದ ಹುಡುಗ ಕೈ ಎತ್ತಿದ. ಮಡಕೆಯೂ ಬಿಸಿ ತಗೊಳ್ಳುತ್ತಲ್ವಾ ಸರ್, ಅದರ ತೂಕ ಯಾರೂ ಹಿಡಿದೇ ಇಲ್ಲ ಅಂದ. ಮಾರನೇ ದಿನ ಅವರಜ್ಜಿ ಸುಣ್ಣ ಅರಳಿಸುತ್ತಿದ್ದ ಮಡಕೆಯನ್ನು ತೂಕ ಮಾಡಿ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ. ಮಣ್ಣಿನ ವಿಶಿಷ್ಟೋಷ್ಣ ಎಷ್ಟು ಅಂತ ಅಂದು ಸಂಜೆ ನಾನೂ ಲೈಬ್ರರಿಯಲ್ಲಿ ಹುಡುಕಬೇಕಾಯಿತು.